ಜೀವ ಇಟ್ಟು ಹೊಡೆಯುವವನು

"ಇದ್ರಲ್ಲಿ ಜೀವ ಇಲ್ಲ ಕಣಪ್ಪ, ವಸಿ ನೋಡು" ಎಂದು ತಂಬೂರಿಯಯ್ಯ ಆ ಟೇಪ್‌ರೆಕಾರ್ಡರನ್ನು ನನ್ನ ಮೇಜಿನ ಮೇಲೆ ಇಟ್ಟಾಗ ನಾನು ಮೊದಲು ಮಾಡಿದ ಕೆಲಸ ಹಿಂದಿನ ಮುಚ್ಚಳ ತೆಗೆದು ಬ್ಯಾಟರಿ ನೋಡಿದ್ದು. ರೇಡಿಯೋ ರಿಪೇರಿಯವನ ಹತ್ತಿರ ಬಂದು ಜೀವ ಇಲ್ಲ ಎಂದರೆ ಬೇರೆ ಏನು ಅರ್ಥ ಬಂದೀತು?

ತೊಂಬತ್ತರ ದಶಕದ ನಡುಮಧ್ಯದ ಮಾತು. ತಮಿಳುನಾಡಿನ ಗಡಿಯೂರು ತಾಳವಾಡಿಯ ಬಸ್‌ಸ್ಟ್ಯಾಂಡಿನ ಎದುರಿಗಿದ್ದ ನನ್ನ ಅಂಗಡಿಗೆ ಬರುತ್ತಿದ್ದವರು ಯಾರೂ ಕಾಯಿಲೆಯ ಹೆಸರು ಹೇಳುತ್ತಿರಲಿಲ್ಲ, ಲಕ್ಷಣ ಹೇಳುತ್ತಿದ್ದರು. ಗೊರಗೊರ ಅಂತದೆ ಎಂದರೆ ಸ್ಪೀಕರಿನ ಕಾಗದ ಹರಿದಿದೆ. ಟೇಪು ತಿಂತದೆ ಎಂದರೆ ಒಳಗಿನ ರಬ್ಬರ್ ಚಕ್ರಕ್ಕೆ ಜಿಡ್ಡು ಹತ್ತಿದೆ. ಕುಡ್ದೋನಂಗಾಡ್ತದೆ ಎಂದರೆ ಬೆಲ್ಟು ಸಡಿಲವಾಗಿ ಹಾಡು ತೂರಾಡುತ್ತಿದೆ. ಜೀವ ಇಲ್ಲ ಎಂದರೆ ಕರೆಂಟು ಬರುತ್ತಿಲ್ಲ, ಇಲ್ಲವೇ ಮೋಟರು ಸೋತಿದೆ. ನನ್ನ ನಿಘಂಟಿನಲ್ಲಿ ಅದಕ್ಕೆ ಮೂರನೆಯ ಅರ್ಥ ಇರಲಿಲ್ಲ.

ತಂಬೂರಿಯಯ್ಯ ಗೆಟ್ಟವಾಡಿಯವರು. ಅರವತ್ತೈದು ದಾಟಿದ್ದರು. ಹೆಗಲಿಗೆ ತಂಬೂರಿ ಆನಿಸಿಕೊಂಡು ದೇವರ ಕಥೆಗಳನ್ನು ಹಾಡುವುದು ಅವರ ಕೆಲಸ. ಪಕ್ಕದಲ್ಲಿ ಅವರ ತಂಗಿಯ ಮಗ, ಅಳಿಯ, ಡಕ್ಕೆ ಬಾರಿಸುತ್ತಿದ್ದ. ಟೇಪ್‌ರೆಕಾರ್ಡರು ಮಾತ್ರ ನಮ್ಮ ಕಡೆಯದ್ದಲ್ಲ. ಹೊರದೇಶದ್ದು, ಎರಡು ಸ್ಪೀಕರಿನದು, ಹಿಡಿ ಹಿಡಿದು ಎತ್ತಿದರೆ ಭುಜ ಜಗ್ಗುವಷ್ಟು ಭಾರ. ಹಾಸನೂರಿನ ಕಾಡಿನಲ್ಲಿ ಆನೆಗಳ ವಿಷಯ ಕಲಿಯಲು ಬಂದಿದ್ದ ಒಬ್ಬ ಪರದೇಶಿ ಯುವಕನಿಗೆ ಅಯ್ಯ ಎರಡು ವರ್ಷ ಅಡುಗೆ ಮಾಡಿ ಹಾಕಿದ್ದರು. ಸಂಜೆ ಹೊತ್ತು ಅವರು ತಂಬೂರಿ ಮೀಟುತ್ತಿದ್ದರಂತೆ, ಅವನು ತನ್ನ ಕ್ಯಾಸೆಟ್ ಹಾಕುತ್ತಿದ್ದನಂತೆ. ಊರಿಗೆ ಹೊರಡುವಾಗ ಯಂತ್ರವನ್ನೂ ಆ ಒಂದು ಕ್ಯಾಸೆಟ್ಟನ್ನೂ ಅಯ್ಯನ ಕೈಗಿತ್ತು ಹೋಗಿದ್ದ.

ಕ್ಯಾಸೆಟ್ಟಿನ ಮೇಲಿನ ಬರಹ ಎಣ್ಣೆಗೈಗೆ ಸಿಕ್ಕಿ ಅಳಿಸಿಹೋಗಿತ್ತು. ಗಿಟಾರಿನವರ, ಕೂಗಿ ಹಾಡುವವರ ಸಂಗೀತ ಎಂದಷ್ಟೇ ನನಗೆ ತಿಳಿದದ್ದು. ಅದರಲ್ಲಿ ಡ್ರಮ್ ಬಾರಿಸಿದವನು ಲೋಕಪ್ರಸಿದ್ಧ, ಅವನ ಒಂದೇ ಒಂದು ಏಟು ಕೇಳಿ ಇದು ಅವನೇ ಎಂದು ಹೇಳುವವರು ದೇಶದೇಶಗಳಲ್ಲಿ ಇದ್ದಾರೆ ಎಂಬುದು ಎಷ್ಟೋ ವರ್ಷಗಳ ಮೇಲೆ ನನಗೆ ಗೊತ್ತಾಯಿತು. ಅಯ್ಯನಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಬ್ಯಾಟರಿ ಹೊಸದಿತ್ತು. ಪಂಪ್‌ಸೆಟ್ಟಿಗೆ ಕರೆಂಟು ಬಿಡುವ ಹೊತ್ತಿನಲ್ಲಿ ನಮ್ಮಲ್ಲಿ ವೋಲ್ಟೇಜು ಕುಸಿಯುತ್ತಿತ್ತು, ಅದು ನಿಲ್ಲುವ ತನಕ ಕಾದು ಮತ್ತೆ ನೋಡಿದೆ. ಮೋಟರು ಸರಿಯಾಗಿತ್ತು. ಆದರೂ ಜೀವ ಬರಲಿ ಎಂದು ಬೆಲ್ಟು ಬದಲಿಸಿದೆ. ಓಡಿಸಿ ಕೇಳಿದಾಗ ಬೇರೊಂದು ದೋಷ ಕಂಡಂತಾಯಿತು. ತಾಳದ ಎರಡನೆಯ ಮತ್ತು ನಾಲ್ಕನೆಯ ಎಣಿಕೆಗೆ ಸರಿಯಾಗಿ ಒಂದು ಸದ್ದು ಸಿಡಿಯುತ್ತಿತ್ತು, ಸಿಡಿದ ಮೇಲೆ ಅದರ ಹಿಂದೆಯೇ ಝರ್ರ್ ಎಂಬ ಒಂದು ಬಾಲ. ಸ್ಪೀಕರಿನ ಕಾಗದ ಹರಿದಿರಬೇಕೆಂದು ಅಂಚಿಗೆಲ್ಲ ಅಂಟು ಬಳಿದು ಒಂದು ದಿನ ಒಣಗಿಸಿದೆ. ಬಾಲ ಹೋಗಲಿಲ್ಲ. ಕೊನೆಗೆ ಚೂಪು ಸದ್ದನ್ನು ನುಂಗುವಂಥ ಒಂದು ಕೆಪಾಸಿಟರ್ ಬೆಸುಗೆ ಹಾಕಿದೆ. ಬಾಲ ಮಾಯವಾಯಿತು. ಅಚ್ಚುಕಟ್ಟಾಯಿತು ಎಂದು ಒರೆಸಿ ಇಟ್ಟೆ.

ಅಯ್ಯ ಬಂದು, ಕೂತು, ಕಣ್ಣು ಮುಚ್ಚಿ ಅರ್ಧ ಹಾಡು ಕೇಳಿದರು.

"ಕಂಬ್ಳಿ ಒದ್ಸಿ ಮಲ್ಗುಸ್‌ಬುಟ್ಟಿದ್ದೀಯಲ್ಲಾ ಮಗ! ಮೊದ್ಲು ಅರೆಜೀವ ಆಗಿತ್ತು, ಈಗ ಎಣ."

"ಬೆಲ್ಟು ಹೊಸದು ಹಾಕಿದ್ದೀನಿ ಅಯ್ಯ. ಗೊರಗೊರ ಅನ್ನೋದನ್ನೂ ತೆಗೆದಿದ್ದೀನಿ."

"ಅದ್ನೇ ಯಾಕ್ ತೆಗ್ದೆ ಅಂತ ಕೇಳ್ತಿರೋದು ನಾನು. ಜೀವ ಅಂದ್ರೆ ಏನಂದ್ಕಂಡಿದ್ದೀಯೆ ನೀನು?"

"ಕರೆಂಟು" ಎಂದೆ.

ಪಕ್ಕದ ಟೀ ಅಂಗಡಿಯವನು ಬಾಯಲ್ಲಿದ್ದ ಟೀ ಉಗಿದು ನಕ್ಕ. ಅಯ್ಯ ನಗಲಿಲ್ಲ. ನನ್ನ ಮೇಜಿನ ಮೇಲೆ ಬಿದ್ದಿದ್ದ ಒಂದು ನೂಲೆಳೆಯನ್ನು ಎತ್ತಿ ಬೆರಳುಗಳ ನಡುವೆ ಬಿಗಿದು ತೋರಿಸಿದರು.

"ತಂಬೂರಿ ಕುದ್ರೆ ಗೊತ್ತಲ್ಲ, ತಂತಿ ಕುಂತ್ಕಳ್ಳೋ ಮರ. ಅದ್ರ ಮ್ಯಾಲೆ, ತಂತಿ ಕೆಳ್ಗೆ, ಇಂಥದೊಂದು ಎಳೆ ಇಡ್ತೀವಿ. ಅದು ಜೀವ. ಇಲ್ದಿದ್ರೆ ತಂತಿ ಟೊಂಯ್ ಅಂದು ಅಲ್ಲೇ ಸತ್ತೋಯ್ತದೆ. ಇದ್ರೆ ಝೇಂ ಅಂತ ಎಳ್ಕಂಡೋಯ್ತದೆ. ಕೂದ್ಲೆಳೆಯಷ್ಟು ಅತ್ಲಾಗ್ ಸರುದ್ರೆ ಸಾವು, ಇತ್ಲಾಗ್ ಸರುದ್ರೆ ಕಣಜದ ಗೂಡು. ಈ ಡ್ರಮ್ಮಿನೋನೂ ಅಂಗೇ ಎಲ್ಲೋ ಜೀವ ಇಟ್ಟವ್ನೆ ಕಣ್ಲಾ. ನೀನು ಅದ್ನ ಕಿತ್ತಾಕಿದ್ದೀಯೆ."

ನನಗೆ ನಾಚಿಕೆಯಾಯಿತು. ಅವರೆದುರಿಗೇ ಕೆಪಾಸಿಟರ್ ಕಿತ್ತೆ. ಕ್ಯಾಸೆಟ್ ಮತ್ತೆ ಹಾಕಿದ ಕೂಡಲೇ ಆ ಬಾಲ ಬಂತು, ಈಗ ಅದು ನನಗೂ ರೋಗದಂತೆ ಕೇಳಿಸಲಿಲ್ಲ. ಒಣಗಿದ ಹುರುಳಿಕಾಯಿ ಬಿಸಿಲಿಗೆ ಸಿಡಿದ ಹಾಗೆ ಒಂದು ಚಟ್; ಅದರೊಳಗೆ ಎಲ್ಲೋ ಹಿತ್ತಾಳೆ ತಟ್ಟಿದಂಥ ಒಂದು ಎಳೆ ನಾದ; ಆಮೇಲೆ ಆ ನಡುಕ. ಗಿಟಾರು, ಕೂಗು, ಎಲ್ಲ ಗದ್ದಲದ ಮೇಲೂ ಅದೊಂದು ಬಿಡಿಯಾಗಿ ಎದ್ದು ನಿಲ್ಲುತ್ತಿತ್ತು.

"ನೋಡು, ತಡೀತಾನೆ" ಎಂದರು ಅಯ್ಯ. "ಬಂದೇಬುಡ್ತು ಏಟು ಅಂದ್ಕಂಡಿರ್ತೀವಿ, ಬರಕ್ಕಿಲ್ಲ. ಒಂದ್ ಚೂರು ತಡ್ದು ಒಡೀತಾನೆ. ಆತ್ರ ಅನ್ನೋದೇ ಇಲ್ಲ ಅವನ್ಗೆ. ಅವನ್ ಜೊತೇಲಿರೋರೆಲ್ಲ ಓಡ್ತಾವ್ರೆ, ಇವನು ನಡೀತಾವ್ನೆ. ಆದ್ರೂ ಯಾರೂ ಇವನ್ನ ದಾಟಕ್ಕಾಗಕ್ಕಿಲ್ಲ."

"ಅಯ್ಯ, ನಮ್ಮಟ್ಟಿ ಮಾಡಿನ ತಗಡು ರಿಪೇರಿ ಮಾಡೋನೂ ಇಂಗೇ ಒಡೀತಾನೆ" ಎಂದ ಟೀ ಅಂಗಡಿಯವನು.

"ಒಡೀತಾನೆ. ಆದ್ರೆ ಅವನು ನಿಲ್ಲುಸ್ದಾಗ ನೀನು ಸದ್ಯ ಅಂತೀಯೆ. ಇವನು ನಿಲ್ಲುಸ್ದಾಗ ಅಯ್ಯೋ ಅಂತೀಯೆ. ನಿನ್ ಟೀನೂ ಅಂಗೇ ಮಾಡೋದ್ ಕಲಿ."

ಆಮೇಲೆ ಅವರು ನನಗೆ ಸಣ್ಣೇಟುಗಳ ವಿಷಯ ಹೇಳಿದರು. ಎರಡು ದೊಡ್ಡೇಟುಗಳ ನಡುವೆ ಆ ಡ್ರಮ್ಮಿನವನು ಕಡ್ಡಿಯ ತುದಿಯನ್ನು ಚರ್ಮದ ಮೇಲೆ ಸುಮ್ಮನೆ ಬೀಳಲು ಬಿಡುತ್ತಾನೆ, ಗುಬ್ಬಿ ಕಾಳು ಕುಕ್ಕಿದಷ್ಟು ಮೆಲ್ಲಗೆ. ಹೊಡೆದದ್ದು ಅನ್ನಿಸುವುದಿಲ್ಲ, ಜೀವದ ಎಳೆ ಮಾತ್ರ ಉಸಿರಾಡಿದ ಹಾಗೆ ಅನ್ನಿಸುತ್ತದೆ. "ದೊಡ್ಡೇಟು ಊರ್ಗೆ ಒಡೀತಾನೆ, ಸಣ್ಣೇಟು ತನಗೋಸ್ಕರ" ಎಂದರು. ಬೆರಳೆತ್ತಿ ಕಾದರು. "ಇಲ್ಲಿ ಮೂರು ಬೀಳ್ಬೇಕು. ಬೀಳ್ನಿಲ್ಲ ನೋಡು. ಇನ್ನೂ ಸರಿಯಾಗಿಲ್ಲ ನಿನ್ ಮಿಸಿನ್ನು."

ನನಗೆ ಮೂರೂ ಕೇಳಿಸಿದ್ದವು. ಆದರೆ ಅವರು ಹೇಳಿದ್ದರಿಂದ ನಾನೇ ಊಹಿಸಿಕೊಂಡೆನೇನೋ ಎಂದು ಸುಮ್ಮನಾದೆ.

ಮಾರನೆಯ ಬೆಳಿಗ್ಗೆ, ಡ್ರಮ್ಮಿನಲ್ಲಿ ಜೀವ ಎಲ್ಲಿರುತ್ತದೆ ನೋಡೋಣವೆಂದು ಇಬ್ಬರೂ ಹೈಸ್ಕೂಲಿಗೆ ಹೋದೆವು. ಅಲ್ಲಿಯ ಡ್ರಿಲ್ ಮೇಷ್ಟ್ರ ಹತ್ತಿರ ಮಕ್ಕಳ ಮೆರವಣಿಗೆಗೆ ಬಾರಿಸುವ ಒಂದು ಸೈಡ್ ಡ್ರಮ್ ಇತ್ತು. ಅದನ್ನು ಕವುಚಿ ನೋಡಿದರೆ, ತಳದ ಚರ್ಮಕ್ಕೆ ಒತ್ತಿಕೊಂಡು ಸಾಲಾಗಿ ಎಳೆದಿದ್ದ ಸಪೂರ ಸುರುಳಿ ತಂತಿಗಳು. ಮೇಲಿನ ಚರ್ಮಕ್ಕೆ ಬಿದ್ದ ಏಟು ಕೆಳಗಿನದನ್ನು ಮುಟ್ಟಿದಾಗ ಈ ತಂತಿಗಳು ನಡುಗುತ್ತವೆ. ಅಯ್ಯ ಬೆರಳಿನಿಂದ ಒಂದೊಂದನ್ನೂ ಸವರಿದರು. "ಯಾವ ದೇಸ್ದೋನಾದ್ರೇನು, ಇವನೂ ನಮ್ಮೋನೇ" ಎಂದರು. ಮೇಷ್ಟ್ರು ಏನೂ ಅರ್ಥವಾಗದೆ ಡ್ರಮ್ಮನ್ನು ತಮ್ಮ ಕಡೆಗೆ ಎಳೆದುಕೊಂಡರು.

ಅಂದಿನಿಂದ ಆ ಯಂತ್ರದ ಮೇಲೆ ನಾನು ಮಾಡದ ಕೆಲಸವಿಲ್ಲ. ಟೇಪು ಉಜ್ಜಿ ಹೋಗುವ ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದೆ. ಹತ್ತಿ ಕಂದು ಬಣ್ಣಕ್ಕೆ ತಿರುಗಿತು. ಹೆಡ್ಡಿನ ಪಕ್ಕ ಒಂದು ಚಿಕ್ಕ ತಿರುಪು ಇರುತ್ತದೆ. ಅದನ್ನು ಹಾಡು ಓಡುತ್ತಿರುವಾಗಲೇ ಕಾಲು ಸುತ್ತಿಗಿಂತ ಕಡಿಮೆ ತಿರುಗಿಸುತ್ತಾ ಹೋದರೆ ಒಂದು ಜಾಗದಲ್ಲಿ ಕಿಟಕಿ ತೆರೆದ ಹಾಗೆ ಚೂಪು ಸ್ವರಗಳೆಲ್ಲ ಒಳಗೆ ಬರುತ್ತವೆ. ಆ ಜಾಗ ಸಿಕ್ಕಿತು. ಸಣ್ಣೇಟುಗಳು ಈಗ ಎಣಿಸುವಷ್ಟು ಸ್ಪಷ್ಟ. ನಾನು ಗೆದ್ದೆ ಎಂದುಕೊಂಡು ಅಯ್ಯನ ಕಡೆ ನೋಡಿದೆ. ಅವರು ಬೆರಳೆತ್ತಿ ಕಾಯುತ್ತಲೇ ಇದ್ದರು.

"ಊಹೂಂ."

ಬೇರೊಬ್ಬ ಗಿರಾಕಿಯ ಹೊಚ್ಚ ಹೊಸ ಟೇಪ್‌ರೆಕಾರ್ಡರಿನಲ್ಲಿ ಅದೇ ಕ್ಯಾಸೆಟ್ ಹಾಕಿದೆ. ಊಹೂಂ. ಸ್ಪೀಕರ್ ಬದಲಿಸಿದೆ. ಊಹೂಂ. ಈ ಹೊತ್ತಿಗೆ ಟೀ ಅಂಗಡಿಯವನೂ ತಮಾಷೆ ನಿಲ್ಲಿಸಿದ್ದ. ಅವನಿಗೂ ಸಣ್ಣೇಟು ಕೇಳಿಸತೊಡಗಿತ್ತು.

ಅಂದು ಅಯ್ಯ ಬಹಳ ಹೊತ್ತು ಎದ್ದು ಹೋಗಲಿಲ್ಲ. ತರಿಸಿದ ಟೀ ಆರಿ ಕೆನೆ ಕಟ್ಟಿತು.

"ನಲವತ್ ವರ್ಸದಿಂದ ತಂಬೂರಿಗೆ ಜೀವ ಇಡ್ತಿರೋನು ನಾನು" ಎಂದರು. "ಬೇರೆ ಯಾರ್ಗೂ ಮುಟ್ಟಕ್ ಬುಟ್ಟಿಲ್ಲ. ಈಗ ನನ್ ಅಳಿಯ, ಮಾವ ಗೊರಗೊರ ಅಂತದೆ ಅಂತಾನೆ. ನಂಗೆ ಏನೂ ಕೇಳ್ಸಕ್ಕಿಲ್ಲ ಅಂತ ನಾನ್ ಇನ್ನೂ ಎಳೆ ಸರುಸ್ತೀನಿ. ಅವನು ಮೊಕ ಸಿಂಡರುಸ್ತಾನೆ. ಆಗ ಈ ಡ್ರಮ್ಮಿನೋನ ಗ್ಯಾಪ್ಕ ಬಂತು. ಇವನ್ ಏಟು ಒಂದೊಂದೂ ನಂಗೆ ಗೊತ್ತು. ಆಕಿ ಕೇಳುದ್ರೆ ಇವನೂ ಮಂಕು. ಮಿಸಿನ್ ಕೆಟ್ಟಿದ್ರೆ ನನ್ ಕಿವಿ ನೆಟ್ಗದೆ. ಮಿಸಿನ್ ನೆಟ್ಗಿದ್ರೆ..." ಅಲ್ಲಿಗೆ ನಿಲ್ಲಿಸಿದರು. "ಕೆಟ್ಟದಾ ಇಲ್ವಾ, ಒಂದ್ ಮಾತು ಏಳು ಮಗ."

ನಾಳೆ ಹೇಳ್ತೀನಿ ಎಂದೆ.

ಮಾರನೆಯ ದಿನಕ್ಕೆ ಒಂದು ಡಬ್ಬಿ ಹುಡುಕಿ ತೆಗೆದಿಟ್ಟಿದ್ದೆ. ಕೆಲಸ ಕಲಿಯುವ ಕಾಲದಲ್ಲಿ ನಾನೇ ಕಟ್ಟಿದ್ದು. ಗುಂಡಿ ತಿರುಗಿಸಿದರೆ ದಪ್ಪ ಗುಂಯ್‌ನಿಂದ ಹಿಡಿದು ಕಿವಿ ಚುಚ್ಚುವ ಸಿಳ್ಳೆಯ ತನಕ ಸದ್ದು ಏರುತ್ತಾ ಹೋಗುತ್ತದೆ. ಗುಂಡಿಯ ಸುತ್ತ ಒಂದರಿಂದ ಹತ್ತರ ತನಕ ಬಣ್ಣದಲ್ಲಿ ಗುರುತು ಹಾಕಿದ್ದೆ. "ಸದ್ದು ಕೇಳಿಸ್ತಿರೋ ತನಕ ಕೈ ಎತ್ತಿಕೊಂಡೇ ಇರಿ ಅಯ್ಯ" ಎಂದು ನಿಧಾನವಾಗಿ ತಿರುಗಿಸಿದೆ. ಮೂರು, ನಾಲ್ಕು. ಐದು ದಾಟಿ ಆರರ ಹತ್ತಿರ ಅವರ ಕೈ ತಾನಾಗಿ ಕೆಳಗೆ ಬಂತು. ಸಿಳ್ಳೆ ನನಗೆ ಇನ್ನೂ ಕೇಳಿಸುತ್ತಿತ್ತು. ಒಂಬತ್ತರ ಹತ್ತಿರ ಹೋಗುವ ತನಕ ಕೇಳಿಸಿತು. ಇನ್ನೊಮ್ಮೆ ಮಾಡಿದೆ. ಅಲ್ಲೇ, ಆರರ ಹತ್ತಿರವೇ.

"ಯಾವ್ ಮಿಸಿನ್ನು ಅದು?"

"ಸ್ಪೀಕರ್ ನೋಡೋದು ಅಯ್ಯ."

"ಏನಂತದೆ?"

ಅವರು ನನ್ನನ್ನು ನೋಡುತ್ತಿದ್ದ ರೀತಿ ಈಗಲೂ ನೆನಪಿದೆ. ತಂಬೂರಿಯನ್ನು ತಾನಾಗಿ ಕೆಳಗಿಡಬೇಕೋ ಬೇಡವೋ ಎಂಬ ಮಾತು ಈ ತಗಡಿನ ಡಬ್ಬಿಯಿಂದ ಬರಲಿದೆ ಎಂದು ಕಾದು ಕೂತ ಮನುಷ್ಯ.

"ಸ್ಪೀಕರಿಗೆ ಹೋಗೋ ದಾರೀಲಿ ಒಂದು ಸಾಮಾನು ಸೋತಿದೆ" ಎಂದೆ. "ಬದಲಾಯಿಸ್ತೀನಿ."

ಒಂದು ಪುಟ್ಟ ಕೆಪಾಸಿಟರ್, ಒಂದು ರೆಸಿಸ್ಟರ್. ಚೂಪು ಸ್ವರಗಳನ್ನು ಮಾತ್ರ ಮೂರು ಪಟ್ಟು ಎತ್ತಿಕೊಡುವ ಹಾಗೆ ಜೋಡಿಸಿದೆ. ಕ್ಯಾಸೆಟ್ ಹಾಕಿದರೆ ಕಾದ ಎಣ್ಣೆಗೆ ಸಾಸಿವೆ ಸುರಿದ ಹಾಗಾಯಿತು. ಟೀ ಅಂಗಡಿಯವನು ಎದ್ದು ಒಳಗೆ ಹೋದ. ಅಯ್ಯ ಬೆರಳೆತ್ತಿದರು. ಒಂದು, ಎರಡು, ಮೂರು ಎಂದು ಬೆರಳು ಗಾಳಿಯಲ್ಲಿ ಕುಕ್ಕಿತು.

"ಬಂತು ಕಣ್ಲಾ! ಬಂತು ಜೀವ!"

ಅಷ್ಟು ಭಾರದ ಯಂತ್ರವನ್ನು ಕೂಸಿನ ಹಾಗೆ ತೋಳಿನಲ್ಲಿ ಇಟ್ಟುಕೊಂಡು ಬಸ್ಸು ಹತ್ತಿದರು. ನನಗೆ ಮಧ್ಯಾಹ್ನದ ಊಟ ರುಚಿಸಲಿಲ್ಲ.

ವಾರ ಕಳೆದಿರಬೇಕು, ಅವರ ಅಳಿಯ ಬಂದ. ಕೂತುಕೊಳ್ಳಲೂ ಇಲ್ಲ.

"ಏನಣ್ಣಾ, ನಮ್ ಮಾವನ್ಗೆ ಏನೇಳಿ ಕಳ್ಸಿದ್ದೀಯೆ?"

"ಯಾಕೆ, ಏನಾಯ್ತು?"

"ಮಿಸಿನ್ನೇ ಕೆಟ್ಟಿತ್ತು, ನನ್ ಕಿವಿ ಬಂಗಾರ ಅಂತ ಊರೆಲ್ಲಾ ಏಳ್ಕಂಡ್ ತಿರುಗ್ತಾವ್ರೆ. ಮೊನ್ನೆ ಒಂದ್ ನಾಮಕರಣದ ಮನೇಲಿ ಕಥೆ ಏಳಕ್ಕೆ ಕುಂತ್ರು. ಜೀವ ಇಟ್ಟವ್ರೆ ನೋಡು, ಕಣಜದ ಗೂಡ್ಗೆ ಕಲ್ಲೊಡ್ದಂಗೆ! ಎಸ್ರು ಇಡ್ಬೇಕಾದ ಕೂಸೇ ಬೆಚ್ಚಿ ಅಳಕ್ ಸುರು ಮಾಡ್ತು. ಒಂದೆಂಗ್ಸು, ತಾತ ಅದ್ನ ವಸಿ ಕೆಳಗಿಡಿ ಅಂದ್‌ಬುಟ್ಳು. ಕಥೆ ಅರ್ದಕ್ಕೆ ನಿಂತೋಯ್ತು." ಅವನ ದನಿ ಇಳಿಯಿತು. "ಕೇಳಿದೋರ್ಗೆಲ್ಲ ಕಥೆ ಏಳೋದ್ರಲ್ಲಿ ನಮ್ ಮಾವನ್ನ ಮೀರ್ಸೋರಿಲ್ಲ ಕಣಣ್ಣಾ. ಈ ಒಂದ್ ಎಳೆ ದೆಸೆಯಿಂದ ಜನ ಎದ್ದೋಗಂಗಾಗದೆ. ನಾನ್ ಇಡ್ತೀನಿ ಕೊಡಿ ಅಂದ್ರೆ, ತಂಬೂರಿ ಆಸೆಗೆ ಏಳ್ತಾನೆ ಅಂತಾರೆ."

ಅಂಗಡಿಗೆ ಬೀಗ ಹಾಕಿ, ಉಪಕರಣದ ಚೀಲ ಹೆಗಲಿಗೇರಿಸಿ ಅವನ ಜೊತೆಯಲ್ಲೇ ಗೆಟ್ಟವಾಡಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಹೇಗೆ ಶುರು ಮಾಡಲಿ ಎಂದು ಯೋಚಿಸಿದೆ. ಹೊಲಗಳಲ್ಲಿ ಕೋಸು ಕೀಳುತ್ತಿದ್ದರು. ಒಂದು ಒಳ್ಳೆಯ ವಾಕ್ಯವೂ ಹೊಳೆಯಲಿಲ್ಲ.

ಅಯ್ಯ ಜಗಲಿಯ ಮೇಲಿದ್ದರು. "ಬಾ ಮಗ, ಬಾ. ಕುಂತ್ಕ" ಎಂದು ಜಾಗ ಮಾಡಿದರು.

ನಿಂತೇ ಹೇಳಿದೆ. "ಅಯ್ಯ, ಮಿಸಿನ್ ಕೆಟ್ಟಿರಲಿಲ್ಲ. ನಿಮಗೆ ಕೇಳಿಸಲಿ ಅಂತ ನಾನು ಚೂಪು ಸದ್ದನ್ನು ಹೆಚ್ಚು ಮಾಡಿದ್ದೆ. ಕ್ಯಾಸೆಟ್ಟೂ ಸರಿಯಾಗಿದೆ. ಆ ಡ್ರಮ್ಮಿನವನೂ ಸರಿಯಾಗೇ ಇದ್ದಾನೆ."

ಅಳಿಯ ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದ.

"ಜಿ.ಎಚ್. ಆಸ್ಪತ್ರೆಗೂ ಓಗಿದ್ದೆ ನಾನು" ಎಂದರು ಅಯ್ಯ. "ಡಾಕ್ಟ್ರು ತಮಿಳ್ನಾಗೆ, ವಯಸಾಚ್ಚು ಅಯ್ಯಾ, ವಯಸ್ಸಾಯ್ತು ಅಂದ್ರು. ಅವ್ರು ಮನುಸರ ಡಾಕ್ಟ್ರು. ಸದ್ದಿನ ಡಾಕ್ಟ್ರು ನೀನಲ್ವಾ ಅಂತ ನಿನ್ತಾವ್ ಬಂದೆ."

"ತಪ್ಪಾಯ್ತು ಅಯ್ಯ."

"ಯಾಕ್ ಸುಳ್ಳೇಳ್ದೆ?"

"ನಿಮ್ಮ ಮುಖ ನೋಡಿ."

"ನನ್ ಮೊಕ ನೋಡ್ದ್ಯಾ." ಅದನ್ನೇ ಇನ್ನೊಮ್ಮೆ ಹೇಳಿಕೊಂಡರು. ಆಮೇಲೆ ಒಳಗಿನಿಂದ ಟೇಪ್‌ರೆಕಾರ್ಡರ್ ತರಿಸಿ ನಡುವೆ ಇಟ್ಟರು. "ಅಂಗಾರೆ ಈಗ ನಾನ್ ನಿನ್ ಮೊಕ ನೋಡ್ತೀನಿ. ನಂಗೋಸ್ಕರ ಆಕಿದ್ದೆಲ್ಲ ಕಿತ್ತಾಕು. ನಿನ್ ಕಿವಿಗೆ ಎಂಗ್ ಸರಿಯೋ ಅಂಗೆ ಆಕು ಅವನ್ನ."

ಕಟಿಂಗ್ ಪ್ಲೇಯರಿನಿಂದ ಎರಡು ತಂತಿ ಕತ್ತರಿಸಿದೆ. ಅಷ್ಟೇ ಕೆಲಸ. ಕ್ಯಾಸೆಟ್ ಓಡಿತು. ಅಯ್ಯ ಯಂತ್ರಕ್ಕೆ ಬೆನ್ನು ಹಾಕಿ ನನ್ನ ಎದುರಿಗೆ ಕೂತಿದ್ದರು. ದೊಡ್ಡೇಟುಗಳಿಗೆ ಅವರ ತಲೆ ತಾನಾಗಿ ತೂಗುತ್ತಿತ್ತು, ಅವು ಅವರಿಗೆ ಚೆನ್ನಾಗಿಯೇ ದಕ್ಕುತ್ತಿದ್ದವು. ಆ ಮನುಷ್ಯ ಅದೇ ನಡಿಗೆಯಲ್ಲಿ, ಅದೇ ಕೂದಲೆಳೆಯಷ್ಟು ತಡೆದು, ಒಣ ಕಾಯಿ ಸಿಡಿಸುತ್ತಾ ಬರುತ್ತಿದ್ದ.

"ಬಿದ್ದೋ" ಎಂದರು ಅಯ್ಯ ಥಟ್ಟನೆ.

ಬಿದ್ದಿದ್ದವು. ಮೂರು.

"ನಿನ್ ಕಣ್ಣು ಸಣ್ಗಾಯ್ತದೆ ಕಣ್ಲಾ, ಬೀಳೋ ಒತ್ಗೆ."

ಮುಂದಿನ ಸಲ ನಾನು ಬೇಕೆಂದೇ ಮುಖ ಬಿಗಿಹಿಡಿದು ಕೂತೆ. "ಬಿದ್ದೋ" ಎಂದರು. ಈ ಸಲ ಸಿಕ್ಕಿಬಿದ್ದವನು ಅಳಿಯ. ನನ್ನ ಬಿಗುಮಾನ ನೋಡಿ ನಗು ತಡೆಯುತ್ತಿದ್ದವನು ಸರಿಯಾಗಿ ಆ ಮೂರು ಏಟಿಗೆ ನಗುವುದನ್ನೇ ಮರೆತು ಕೇಳಿದ್ದ.

"ಕಳ್ಳ ಇವನು" ಎಂದರು ಅಯ್ಯ ಪ್ರೀತಿಯಿಂದ, ಹಿಂದೆ ತಿರುಗಿ ಟೇಪ್‌ರೆಕಾರ್ಡರಿನ ಕಡೆ ಬೆರಳು ಮಾಡಿ. "ಎಂಥೋನ್ ಮೊಕಾನೂ ಅಲ್ಲಾಡುಸ್‌ಬುಡ್ತಾನೆ."

ಹಾಡು ಮುಗಿದ ಮೇಲೆ ಎದ್ದು ಗೂಟದಲ್ಲಿದ್ದ ತಂಬೂರಿ ಇಳಿಸಿದರು. ಬಟ್ಟೆ ಬಿಚ್ಚಿದರು. ಅಳಿಯನ ತೊಡೆಯ ಮೇಲೆ ಇಟ್ಟರು. ಅವನು ಕೈ ಹಿಂದಕ್ಕೆಳೆದುಕೊಂಡ.

"ಬೇಡ ಮಾವ."

"ಇಡ್ಲಾ. ಕಥೆ ನಾನೇ ಏಳ್ತೀನಿ, ಅದ್ನೇನ್ ನಿಂಗೆ ಕೊಟ್‌ಬುಡಕ್ಕಿಲ್ಲ. ಜೀವ ನೀನಿಡು."

ಅಳಿಯ ಕುದುರೆಯ ಮೇಲಿನ ಎಳೆಯನ್ನು ಉಗುರಿನ ತುದಿಯಿಂದ ಹಿಂದಕ್ಕೆ ತಳ್ಳಿ ಮೀಟಿದ. ಟೊಂಯ್. ಮುಂದಕ್ಕೆ ಎಳೆದ, ಹಲ್ಲು ಕಡಿಯುವಂಥ ಸದ್ದು. ಮತ್ತೆ ಹಿಂದಕ್ಕೆ, ಕಾಣದಷ್ಟು. ಅವನ ಹಣೆಯಲ್ಲಿ ಬೆವರು ಕೂತಿತು. ಅಯ್ಯ ಎಳೆಯನ್ನಾಗಲಿ ಬೆರಳನ್ನಾಗಲಿ ನೋಡಲಿಲ್ಲ. ನಲವತ್ತು ವರ್ಷ ಕುದುರೆಯ ಮೇಲೆ ನೆಟ್ಟಿದ್ದ ಕಣ್ಣನ್ನು ಅವನ ಹುಬ್ಬುಗಳ ನಡುವೆ ನೆಟ್ಟು ಕೂತಿದ್ದರು. ಅವನು ಮೀಟಿದ, ಸರಿಸಿದ, ಮೀಟಿದ. ಆಗ ತಂತಿ ತೆರೆದುಕೊಂಡು ಜಗಲಿಯ ತುಂಬ ಹರಿಯಿತು, ನಾನು ಉಸಿರು ಬಿಟ್ಟೆ, ನಾವಿಬ್ಬರೂ ಬಾಯಿ ತೆರೆಯುವುದಕ್ಕೆ ಮೊದಲೇ ಅಯ್ಯ ಹೇಳಿದರು:

"ಅಲ್ಲೇ. ಬುಡು ಕೈಯ."